ಡ್ರಾಯರ್‌ನಲ್ಲೊಂದು ಡಬ್ಬಿ ಮಂಡಕ್ಕಿ

ತಮ್ಮಾ,

ಕೊಲಂಬಸ್‌ಗೆ ಬಂದು ಎರಡು ತಿಂಗಳಾಯ್ತು, ಆಫೀಸಿನಲ್ಲಿ ದುಡ್ಡು ಹಾಕಿದ್ರೆ ತಿಂಡಿ ಬೀಳಿಸೋ ವೆಂಡಿಂಗ್ ಮೆಷಿನ್‌ಗೇ ದಿನಾ ನಾಲ್ಕು ಡಾಲರ್ ಹೋಗ್ತಿದೆ, ಪ್ಯಾಂಟೂ ಬಿಗಿಯಾಗ್ತಿದೆ, ನೀವೆಲ್ಲ ಏನ್ ತಿಂತೀರಕ್ಕಾ ಅಂತ ಕೇಳಿದ್ದೀಯ. ಅಮೆರಿಕದ ಈ ಓಹಾಯೋ ರಾಜ್ಯಕ್ಕೆ ನಾನು ಬಂದು ಹದಿನಾಲ್ಕು ವರ್ಷ. ಮೊದಲ ವರ್ಷ ನನ್ನದೂ ಇದೇ ಕಥೆ. ಒಂದಿನ ದುಡ್ಡು ನುಂಗಿದ ಮೇಲೆ ಚಿಪ್ಸ್ ಪೊಟ್ಟಣ ಸುರುಳಿ ತಂತಿಗೆ ಮೂಲೆ ಸಿಕ್ಕಿಸಿಕೊಂಡು ನೇತಾಡ್ತಾ ನಿಂತುಬಿಡ್ತು. ಗಾಜು ತಟ್ಟಿದೆ, ಭುಜ ಕೊಟ್ಟು ಅಲುಗಾಡಿಸಿದೆ, ಜಪ್ಪಯ್ಯ ಅನ್ನಲಿಲ್ಲ. (ನೀನು ಅಲುಗಾಡಿಸೋಕೆ ಹೋಗ್ಬೇಡ. ಆ ಮೆಷಿನ್ ಮೈಮೇಲೆ ಬಿದ್ದು ಸತ್ತವರಿದ್ದಾರೆ ಈ ದೇಶದಲ್ಲಿ.) ಹಿಂದೆ ನಿಂತಿದ್ದವನು ಬಂದು ಅದೇ ನಂಬರ್ ಒತ್ತಿದ, ಎರಡೂ ಪೊಟ್ಟಣ ದೊಪ್ಪನೆ ಬಿದ್ವು. ಒಂದನ್ನ ನನ್ನ ಕೈಗಿಟ್ಟು ನಕ್ಕ. ನನಗೆ ಭಿಕ್ಷೆ ಹಾಕಿಸಿಕೊಂಡ ಹಾಗಾಯ್ತು.

ದಿನಕ್ಕೆ ನಾಲ್ಕು ಅಂದ್ರೆ ವಾರಕ್ಕೆ 20, ವರ್ಷಕ್ಕೆ ಹತ್ತಿರ ಹತ್ತಿರ 1000 ಡಾಲರ್. ರೂಪಾಯಿಗೆ ಗುಣಿಸಬೇಡ, ಎದೆ ಒಡೆಯುತ್ತೆ.

ಇಲ್ಲಿಯವರು ಹನ್ನೆರಡಕ್ಕೇ ಊಟ ಮುಗಿಸ್ತಾರೆ, ಆರಕ್ಕೆ ರಾತ್ರಿ ಊಟಾನೂ ಮುಗಿಸ್ತಾರೆ. ನಾವು ಮಧ್ಯಾಹ್ನ ಅವರ ಜೊತೆ ಕೂತು ಉಣ್ತೀವಿ, ರಾತ್ರಿ ಮಾತ್ರ ನಮ್ಮೂರ ಹೊತ್ತಿಗೇ. ನಾಲ್ಕು ಗಂಟೆಗೆ ಹೊಟ್ಟೆ ಕೂಗದೆ ಇನ್ನೇನು? ದಾವಣಗೆರೆಯಲ್ಲಿ ಆ ಹೊತ್ತಿಗೆ ಮಂಡಕ್ಕಿ-ಮಿರ್ಚಿ ಅಂಗಡಿ ಮುಂದೆ ನಿಂತಿರ್ತಿದ್ವಿ. ಮಿರ್ಚಿ ಬಿಡು. ಮಂಡಕ್ಕಿ ಇಲ್ಲೂ ಸಿಗುತ್ತೆ.

ಇಂಡಿಯನ್ ಅಂಗಡಿಗೆ ಹೋಗಿ ಮಂಡಕ್ಕಿ ಅಂದ್ರೆ ಯಾರಿಗೂ ತಿಳಿಯಲ್ಲ, ಮುರ್ಮುರಾ ಅನ್ನು. ಪುಟಾಣಿ (ಹುರಿಗಡಲೆ) ತರೋವಾಗ ಹುಷಾರು: ಗುಜರಾತಿಯವರು ಅದಕ್ಕೆ ದಾಳಿಯಾ ಅಂತಾರೆ, ಹಿಂದಿಯವರು ಗೋಧಿ ನುಚ್ಚಿಗೆ ದಲಿಯಾ ಅಂತಾರೆ. ನಾನು ಚೀಲ ನೋಡದೆ ತಂದು, ಮನೇಲಿ ಬಿಚ್ಚಿದ್ರೆ ನುಚ್ಚು! ಒಂದು ವಾರ ಉಪ್ಪಿಟ್ಟು ತಿಂದು ಖಾಲಿ ಮಾಡಿದ್ವಿ. ಶೇಂಗಾ ಹಸಿದೇ ತಗೋ, ಹುರಿದು ಉಪ್ಪು ಹಾಕಿದ್ದಕ್ಕಿಂತ ಅಗ್ಗ.

ಭಾನುವಾರ ಬಾಣಲೆಗೆ ಎರಡು ಚಮಚ ಎಣ್ಣೆ ಹಾಕಿ, ಮೊದಲು ಶೇಂಗಾ ಸಣ್ಣ ಉರೀಲಿ ಕೆಂಪಗೆ ಹುರಿ. ಆಮೇಲೆ ಜಜ್ಜಿದ ಬೆಳ್ಳುಳ್ಳಿ, ಕರಿಬೇವು. ಬೆಳ್ಳುಳ್ಳಿ ಗರಿಗರಿ ಆಗೋವರೆಗೂ ಬಿಡು, ಹಸಿ ಉಳಿದ್ರೆ ಮಂಗಳವಾರಕ್ಕೆ ಎಲ್ಲಾ ಮೆತ್ತಗಾಗುತ್ತೆ. ಪುಟಾಣಿ, ಅರಿಶಿನ, ಖಾರದಪುಡಿ, ಉಪ್ಪು ಹಾಕಿ, ಒಲೆ ಆರಿಸಿ, ಮಂಡಕ್ಕಿ ಸುರಿದು ಕೈಯಾಡಿಸು. ನಾಲ್ಕು ಲೋಟ ಮಂಡಕ್ಕಿಗೆ ಶೇಂಗಾ ಒಂದು ಲೋಟ, ಪುಟಾಣಿ ಒಂದು ಲೋಟ. ಇದರಲ್ಲಿ ಜಿಪುಣತನ ಬೇಡ. ಬರೀ ಮಂಡಕ್ಕಿ ಗಾಳಿ ಇದ್ದಂಗೆ, ಅರ್ಧ ಗಂಟೆಗೆ ಮತ್ತೆ ಮೆಷಿನ್ ಮುಂದೆ ನಿಂತಿರ್ತೀಯ. ಚಳಿಗಾಲದಲ್ಲಿ ಹೀಟರ್ ಗಾಳಿಗೆ ಎರಡು ವಾರ ಆದ್ರೂ ಗರಿಗರಿ ಇರುತ್ತೆ. ಜುಲೈನಲ್ಲಿ ಡಬ್ಬಿ ಮುಚ್ಚಳ ಬಿಗಿ ಇರ್ಬೇಕು.

ಡ್ರಾಯರ್‌ನಲ್ಲಿ ಇಡೋ ಮೊದಲು ಅಕ್ಕಪಕ್ಕದವರಿಗೆ ಶೇಂಗಾ ಅಲರ್ಜಿ ಇದೆಯಾ ಅಂತ ಕೇಳು. ಇಲ್ಲಿ ಅದು ತಮಾಷೆ ವಿಷಯ ಅಲ್ಲ, ಕೆಲವರಿಗೆ ಪ್ರಾಣಕ್ಕೇ ಬರುತ್ತೆ. ಇದ್ದರೆ ಶೇಂಗಾ ಬಿಟ್ಟು ಪುಟಾಣಿ ಜಾಸ್ತಿ ಹಾಕು. ಎಳ್ಳಿನ ಚಟ್ನಿಪುಡಿ ಹಂಚೋವಾಗಲೂ ಹೇಳಿಬಿಡು. 2023ರಿಂದ ಎಳ್ಳನ್ನೂ ಇಲ್ಲಿನ ಕಾನೂನು ಮುಖ್ಯ ಅಲರ್ಜಿ ಪದಾರ್ಥಗಳ ಪಟ್ಟಿಗೆ ಸೇರಿಸಿದೆ.

ಹಣ್ಣಿಗೆ ಆಲ್ಡಿ ಅನ್ನೋ ಅಗ್ಗದ ಅಂಗಡಿ ಸಾಕು. ಅಲ್ಲಿ ಸಾಮಾನು ತಳ್ಳೋ ಗಾಡಿ ಬಿಡಿಸೋಕೆ 25 ಸೆಂಟಿನ ನಾಣ್ಯ, ಕೈಚೀಲ ಎರಡೂ ಮರೀಬೇಡ. ಕಾಸ್ಟ್‌ಕೋ ಅನ್ನೋ ಸಗಟು ಅಂಗಡಿಯ ಸದಸ್ಯತ್ವದ ಕಾರ್ಡಿಗೆ ವರ್ಷಕ್ಕೆ 65 ಡಾಲರ್, ಒಬ್ಬನಿಗೆ ಅದು ದಂಡ. ಜನವರೀಲಿ ಬಾಳೆಹಣ್ಣನ್ನ ಕಾರಲ್ಲಿ ಬಿಟ್ಟು ಒಳಗೆ ಹೋದ್ಯೋ, ಸಂಜೆಗೆ ಕಲ್ಲು. ಮನೆಗೆ ಬಂದು ಕರಗಿದ್ರೆ ಕಪ್ಪಗೆ ಅಂಟು.

ಮೆಷಿನ್‌ಗೆ ಹೋಗಲೇಬೇಕಾದ ದಿನ ಬರುತ್ತೆ, ಬರ್ಲಿ. ಉಪ್ಪಿಲ್ಲದ ಬಾದಾಮಿ ಇದ್ದರೆ ತಗೋ. 20 ಔನ್ಸಿನ ಕೋಕಾ ಕೋಲಾ ಬಾಟಲಿ ಮಾತ್ರ ಮುಟ್ಟಬೇಡ, ಅದರಲ್ಲಿ 65 ಗ್ರಾಂ ಸಕ್ಕರೆ. ನಾಲ್ಕು ಗ್ರಾಂಗೆ ಒಂದು ಟೀ ಚಮಚ ಲೆಕ್ಕ ಹಾಕು, ಹದಿನಾರು ಚಮಚ. ನಿಮ್ಮಮ್ಮ ಒಂದು ಲೋಟ ಟೀಗೆ ಎರಡು ಚಮಚ ಹಾಕಿದ್ರೆ ಬೈತಿದ್ದೆಯಲ್ಲ! ಗ್ರಾನೋಲಾ ಬಾರ್ ಕೂಡ ಸಾಧು ವೇಷದ ಮಿಠಾಯಿ, ಹಿಂದೆ ತಿರುಗಿಸಿ 'ಆ್ಯಡೆಡ್ ಶುಗರ್ಸ್' (ಮೇಲಿಂದ ಹಾಕಿದ ಸಕ್ಕರೆ) ಅನ್ನೋ ಸಾಲು ಓದು. ಮೊಟ್ಟೆ-ಮಾಂಸ ತಿನ್ನಲ್ಲ ಅಂದಿದ್ದೆ. ಹಂಗಾದ್ರೆ ಮೇಲೆ ಸಕ್ಕರೆ ಬಳಿದಿರೋ, ಒಳಗೆ ಸಿಹಿ ತುಂಬಿರೋ ಪಾಪ್‌ಟಾರ್ಟ್ಸ್ ನಿನಗಲ್ಲ, ಅದರಲ್ಲಿ ದನದ ಮೂಳೆ-ಚರ್ಮದಿಂದ ತೆಗೆಯೋ ಜೆಲಟಿನ್ ಇರುತ್ತೆ. ನನಗೆ ಗೊತ್ತಾಗೋ ಹೊತ್ತಿಗೆ ಎರಡು ವರ್ಷ ತಿಂದಾಗಿತ್ತು.

ಇನ್ನೊಂದು ಮಾತು, ಕರಿಬೇವನ್ನ ಅಂಗಡೀಲಿ ಕೊಳ್ಳಬೇಡ, ಒಂದು ಹಿಡಿ ಕಡ್ಡಿಗೆ ಬಾಯಿಗೆ ಬಂದ ರೇಟು ಹೇಳ್ತಾರೆ. ನಮ್ಮನೆ ಕಿಟಕಿ ಹತ್ರ ಕುಂಡದಲ್ಲಿ ಗಿಡ ಇದೆ, ಚಳಿಗೆ ಅರ್ಧ ಎಲೆ ಉದುರಿದ್ರೂ ಜೀವ ಹಿಡಿದಿದೆ. ಶನಿವಾರ ಬಂದು ಕಿತ್ಕೊಂಡು ಹೋಗು. ಖಾಲಿ ಡಬ್ಬಿ ತಗೊಂಡ್ಬಾ, ಮೊದಲ ವಾರದ್ದು ನಾನೇ ತುಂಬಿ ಕೊಡ್ತೀನಿ.