ಪ್ರತಿಕ್ರಿಯೆ: ಕಬಡ್ಡಿ ಮಾಷ್ಟ್ರಿಗೆ ಬಾಯಿ ಕ್ಯಾನ್ಸರ್, ಮಂಗಳೂರಿನಲ್ಲಿ ಕಾರ್ಡ್ ನಡೆಯಲಿಲ್ಲ
ಕುಂಬಳೆಯ ನಿಮ್ಮ ಕಬಡ್ಡಿ ಮಾಷ್ಟ್ರ ಬಾಯಿ ಕ್ಯಾನ್ಸರ್ ಚಿಕಿತ್ಸೆಗೆ ಮಂಗಳೂರಿನಲ್ಲಿ ಕಾರ್ಡ್ ನಡೆಯಲಿಲ್ಲ ಅಂತ ಬರೆದಿದ್ದೀರಿ. ಅವರ ರೇಷನ್ ಕಾರ್ಡ್ ಕೇರಳದ್ದು ಅಲ್ವಾ? ಮಂಗಳೂರಿನಲ್ಲಿ ತೊಡಕಾದದ್ದು ಅದರಿಂದಲೇ ಇರಬೇಕು. ಕೌಂಟರಿನಲ್ಲಿ ವಾದ ಮಾಡುತ್ತಾ ಸುಮ್ನೆ ದಿನ ಕಳೆಯಬೇಡಿ. ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್‌ಗೆ ಕರೆದುಕೊಂಡು ಹೋಗಿ.

ಹೊರಡುವ ಮೊದಲು ಬಯಾಪ್ಸಿ ಮಾಡಿದ ಲ್ಯಾಬಿನಿಂದ ಗಾಜಿನ ಸ್ಲೈಡ್ ಮತ್ತು ಬ್ಲಾಕ್ ಎರಡನ್ನೂ ಕೇಳಿ ಪಡೆಯಿರಿ. ಬ್ಲಾಕ್ ಅಂದರೆ ಪುಟ್ಟ ಮೇಣದ ತುಂಡು, ಒಳಗೆ ಬಾಯಿಯಿಂದ ತೆಗೆದ ಚೂರು ಇರುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಟ್ಟರೆ ಮೆತ್ತಗಾಗಬಹುದು, ಕೈಚೀಲದಲ್ಲೇ ಇರಲಿ. ಬರೀ ರಿಪೋರ್ಟ್ ಒಯ್ದರೆ ಸ್ಲೈಡಿಗಾಗಿ ಮತ್ತೆ ಓಡಬೇಕಾದೀತು. ಸ್ಕ್ಯಾನಿನ ಸಿಡಿ, ಆಧಾರ್, ರೇಷನ್ ಕಾರ್ಡನ್ನೂ ಇಟ್ಟುಕೊಳ್ಳಿ. ಮಲಯಾಳಂ ಚೆನ್ನಾಗಿ ಬರುವವರೊಬ್ಬರು ಜೊತೆಗಿದ್ದರೆ ಒಳ್ಳೆಯದು.

ಅಲ್ಲಿ ಮೊದಲೇ ಕೇರಳ ಸರ್ಕಾರದ ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆಯ ಕೌಂಟರ್ ವಿಚಾರಿಸಿ. ಹೆಸರಿದ್ದರೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಹೆಸರಿಲ್ಲದಿದ್ದರೆ ಕೇರಳ ಸರ್ಕಾರದ್ದೇ ಇನ್ನೊಂದು ಸಹಾಯ ನಿಧಿ, ಕಾರುಣ್ಯ ಬೆನೆವೊಲೆಂಟ್ ಫಂಡ್, ಕೇಳಿ.

ಆಪರೇಷನ್ನೋ ರೇಡಿಯೇಷನ್ನೋ ಅನ್ನುವುದು ಸ್ಟೇಜ್, ಅಂದರೆ ರೋಗ ಎಷ್ಟು ಹರಡಿದೆ ಅಂತ, ನೋಡದೆ ಹೇಳಲಾಗದು. ರೇಡಿಯೇಷನ್ ಅಂದರೆ ಶುರುವಾಗುವ ಮೊದಲೇ ಹಲ್ಲಿನ ಡಾಕ್ಟರಿಗೆ ತೋರಿಸಿ, ಆಮೇಲೆ ಹಲ್ಲು ಕೀಳಿಸುವುದು ಅಪಾಯ.

ಮಾಷ್ಟ್ರು ರಾಷ್ಟ್ರೀಯ ಪದಕ ಗೆದ್ದವರು ಅಂದಿರಿ. ಕ್ರೀಡಾಪಟುಗಳಿಗೆ ಕೇಂದ್ರ ಕ್ರೀಡಾ ಸಚಿವಾಲಯದ ದೀನದಯಾಳ್ ಉಪಾಧ್ಯಾಯ ಕಲ್ಯಾಣ ನಿಧಿ ಇದೆ. ಹಳೆಯ ಸರ್ಟಿಫಿಕೇಟ್ ಇವತ್ತೇ ಹುಡುಕಿ. ವಾಟ್ಸಾಪಿನಲ್ಲಿ ಹಣ ಎತ್ತುವ ಮೊದಲು ಮಾಷ್ಟ್ರನ್ನೇ ಒಂದು ಮಾತು ಕೇಳಿ.