ಚಿತ್ರ ಬಿಡಿಸಲು ಬರದಿದ್ದರೆ ಗೇಮ್ ಡಿಸೈನ್ ಓದಬಹುದಾ?

ದಾವಣಗೆರೆಯಲ್ಲಿ ಪಿಯುಸಿ ಮುಗಿಸಿದ್ದೇನೆ, ಚಿತ್ರ ಬಿಡಿಸಲು ಬರಲ್ಲ, ಗೇಮ್ ಡಿಸೈನ್ ಓದಬಹುದಾ ಅಂತ ಕೇಳಿದ್ದೀರಿ. ಖಂಡಿತ ಓದಬಹುದು. ನಾನು ಚಿತ್ರದುರ್ಗದವಳು, ಈಗ ಅದೇ ಕೋರ್ಸಿನ ಮೂರನೇ ವರ್ಷದಲ್ಲಿದ್ದೇನೆ.

ಮೊದಲ ಸೆಮಿಸ್ಟರಿನಲ್ಲಿ ನಾವು ಕಂಪ್ಯೂಟರ್ ಮುಟ್ಟಿದ್ದೇ ಕಡಿಮೆ. ಕಾಗದ, ದಾಳ ಇಟ್ಟುಕೊಂಡೇ ಆಟ ಮಾಡಿಸಿದರು. ನಾನು ಅಜ್ಜಿ ಕಲಿಸಿದ ಚೌಕಾಬಾರ ತೆಗೆದುಕೊಂಡೆ. 25 ಮನೆ, 4 ಕವಡೆ. ಒಂದೇ ಒಂದು ನಿಯಮ ಬದಲಿಸಿದೆ: ಕಾಯಿ ಹೊಡೆದವರಿಗೆ ಇನ್ನೊಂದು ಸಲ ಕವಡೆ ಹಾಕುವ ಅವಕಾಶ ತೆಗೆದೆ. ಆಟ ಸಪ್ಪೆಯಾಯಿತು. ಇನ್ನೊಬ್ಬರ ಕಾಯಿ ಬೆನ್ನಟ್ಟುವ ಆಸೆಯೇ ಯಾರಿಗೂ ಉಳಿಯಲಿಲ್ಲ.

ಲೆವೆಲ್ ಡಿಸೈನ್, ಅಂದ್ರೆ ಆಟದ ಒಂದೊಂದು ಹಂತದ ಜಾಗ, ದಾರಿ ರೂಪಿಸುವುದು, ಶುರುವಾದಾಗ ನಮ್ಮೂರ ಏಳು ಸುತ್ತಿನ ಕೋಟೆ ನೆನಪಾಯಿತು. ತಿರುವು ದಾಟುವವರೆಗೆ ಮುಂದಿನ ಬಾಗಿಲು ಕಾಣಲ್ಲ. ಓಬವ್ವನ ಕಿಂಡಿಯಲ್ಲಂತೂ ಒಬ್ಬೊಬ್ಬರೇ ನುಸುಳಬೇಕು. ಅದಕ್ಕೇ ಅಲ್ವಾ ಒನಕೆ ಹಿಡಿದ ಒಬ್ಬಳೇ ಹೆಂಗಸು ಹೈದರಾಲಿಯ ಸೈನಿಕರನ್ನು ತಡೆದಿದ್ದು? ಆ ಕೋಟೆಯ ದಾರಿಯನ್ನು ಕಂಪ್ಯೂಟರಿನಲ್ಲಿ ಬರೀ ಬೂದು ಡಬ್ಬಗಳಿಂದ ಕಟ್ಟಿದೆ. ಚಿತ್ರ ಬೇಕಾಗಲೇ ಇಲ್ಲ.

ಕಷ್ಟ ಆಗಿದ್ದು ಗುಂಪಿನ ಪ್ರಾಜೆಕ್ಟ್. 5 ಲೆವೆಲ್ ಅಂದುಕೊಂಡೆವು, 1 ಮುಗಿಸುವಷ್ಟರಲ್ಲಿ ಸಾಕಾಯಿತು. ಕೋಡಿಂಗ್ ಸ್ವಲ್ಪವಾದರೂ ಬೇಕು. ಪಿಯುಸಿಯ ತ್ರಿಕೋನಮಿತಿ ಮರೆಯಬೇಡಿ, ತುಂಬಾ ಬೇಕಾಗುತ್ತದೆ.

ಸೇರುವ ಮೊದಲು ಗೊಡೋ (ಆಟ ತಯಾರಿಸುವ ಸಾಫ್ಟ್‌ವೇರ್), ಬ್ಲೆಂಡರ್ (3ಡಿ ಆಕಾರ ಮಾಡುವ ಸಾಫ್ಟ್‌ವೇರ್) ಕಂಪ್ಯೂಟರಿಗೆ ಹಾಕಿಕೊಂಡು ನೋಡಿ. ಎರಡೂ ಉಚಿತ. ಸಣ್ಣದೊಂದು 2ಡಿ ಆಟ ಪೂರ್ತಿ ಮಾಡಿ ಮನೆಯವರ ಕೈಗೆ ಕೊಡಿ. ಏನೂ ಹೇಳಿಕೊಡದೆ ಸುಮ್ನೆ ಪಕ್ಕದಲ್ಲಿ ಕೂತು, ಅವರು ಎಲ್ಲಿ ತಡವರಿಸುತ್ತಾರೆ ಅಂತ ಬರೆದುಕೊಳ್ಳಿ. ನನಗೂ ಕಳಿಸಿ, ಆಡಿ ನೋಡಿ ಹೇಳುತ್ತೇನೆ.