ಅದೇ ಮರಕ್ಕೆ ಮತ್ತೆ ಮತ್ತೆ ಟೇಪು ಸುತ್ತುವುದು ಯಾಕೆ?

ಓದುಗರ ಪತ್ರ: "ಕಳೆದ ತಿಂಗಳು ಪನಾಮಾ ಕಾಡಿನ ಮರಗಣತಿ ಬಗ್ಗೆ ಎಂಟು ಪುಟ ಹಾಕಿದ್ದೀರಿ. ನಲವತ್ತು ವರ್ಷದಿಂದ ಅದೇ ಕಾಡಿಗೆ ಹೋಗಿ, ಅದೇ ಮರಕ್ಕೆ ಟೇಪು ಸುತ್ತಿ ಬರೆದುಕೊಳ್ಳುವುದು ವಿಜ್ಞಾನವೋ ಹಟವೋ ನನಗೆ ತಿಳಿಯಲಿಲ್ಲ. ಈಗ ಉಪಗ್ರಹ ಇದೆ, ಡ್ರೋನ್ ಇದೆ. ಅದೇ ದುಡ್ಡಿನಲ್ಲಿ ಎಷ್ಟು ಲಕ್ಷ ಸಸಿ ನೆಡಬಹುದಿತ್ತು! ನಮ್ಮ ತಂದೆ 1961ರಿಂದ ದಿನಾ ಮಳೆ ಲೆಕ್ಕ ಬರೆದಿಟ್ಟರು. ಅದರಿಂದ ಮಳೆಯೇನೂ ಜಾಸ್ತಿ ಆಗಲಿಲ್ಲ."
– ಸಕಲೇಶಪುರ ಕಡೆಯ ಕಾಫಿ ಬೆಳೆಗಾರರೊಬ್ಬರು (ಹೆಸರು ಹಾಕಬೇಡಿ ಎಂದಿದ್ದಾರೆ)

ಸಂಪಾದಕರ ಉತ್ತರ:

ಮಾನ್ಯರೇ, ಕೊನೆಯ ಸಾಲಿಗೆ ಕಚೇರಿಯಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ. ನಾಲ್ಕು ಪುಟದ ಪತ್ರವನ್ನು ಇಷ್ಟಕ್ಕೆ ಇಳಿಸಿದ್ದೇವೆ, ಬೈಗುಳವನ್ನು ಮಾತ್ರ ಹಾಗೇ ಉಳಿಸಿಕೊಂಡಿದ್ದೇವೆ. ಆದರೆ ನೀವು ಕೆಣಕಿರುವುದು ನನಗೆ ತುಂಬಾ ಪ್ರೀತಿಯ ವಿಷಯವನ್ನು. ಹಾಗಾಗಿ ಉತ್ತರ ಉದ್ದವಾಗುತ್ತದೆ, ಸ್ವಲ್ಪ ಸಹಿಸಿಕೊಳ್ಳಿ.

ಮೊದಲು ನಿಮಗೆ ಸಲ್ಲಬೇಕಾದದ್ದನ್ನು ಸಲ್ಲಿಸಿಬಿಡುತ್ತೇನೆ. ಉಪಗ್ರಹ ದೊಡ್ಡ ಕೆಲಸ ಮಾಡುತ್ತದೆ, ನಿಜ. ಅಮೆಜಾನ್‌ನಲ್ಲಿ ಎಲ್ಲೆಲ್ಲಿ ಕಾಡು ಕಡಿದರು ಎಂದು ಬ್ರೆಜಿಲ್ ದೇಶ 1988ರಿಂದ ವರ್ಷ ವರ್ಷ ಲೆಕ್ಕ ಹಾಕುತ್ತಿರುವುದು ಉಪಗ್ರಹದ ಚಿತ್ರ ನೋಡಿಯೇ. ಅಷ್ಟು ದೊಡ್ಡ ಕಾಡನ್ನು ಟೇಪು ಹಿಡಿದು ಸುತ್ತಲು ಯಾರಿಂದಲೂ ಆಗದು. ಒಪ್ಪಿದೆ. ಮುಂದೆ ಹೋಗೋಣ.

ನನ್ನ ಪ್ರಶ್ನೆ ಬೇರೆ. ಕಡಿಯದೆ ಬಿಟ್ಟ ಕಾಡಿನಲ್ಲಿ ಏನಾಗುತ್ತಿದೆ? ಅಲ್ಲೂ ಮರ ಸಾಯುತ್ತದೆ, ಹುಟ್ಟುತ್ತದೆ. ಒಂದು ಜಾತಿ ಸದ್ದಿಲ್ಲದೆ ಕಡಿಮೆಯಾಗಿ ಇನ್ನೊಂದು ಆ ಜಾಗಕ್ಕೆ ಬರುತ್ತದೆ. ಮೇಲಿನಿಂದ ನೋಡಿದರೆ ಎರಡೂ ಹಸಿರೇ. ಮರದ ಕೆಳಗಿನ ಸಸಿ ಯಾವುದು ಎಂದು ಯಾವ ಡ್ರೋನ್ ಹೇಳುತ್ತದೆ? ಅದು ಗೊತ್ತಾಗಬೇಕಾದರೆ ಮನುಷ್ಯರು ಒಳಗೆ ಹೋಗಬೇಕು. ಹೋದ ಜಾಗಕ್ಕೇ ಮತ್ತೆ ಹೋಗಬೇಕು.

ಪನಾಮಾದ ಬಾರೊ ಕೊಲರಾಡೊ ದ್ವೀಪದಲ್ಲಿ ಮಾಡಿದ್ದು ಇದನ್ನೇ. ಪನಾಮಾ ಕಾಲುವೆಗಾಗಿ ಚಾಗ್ರೆಸ್ ನದಿಗೆ ಅಣೆಕಟ್ಟು ಕಟ್ಟಿದಾಗ ನೀರು ಏರಿ, ಒಂದು ಗುಡ್ಡದ ತಲೆ ಮಾತ್ರ ಉಳಿದು ದ್ವೀಪವಾಯಿತು. ಸ್ಮಿತ್‌ಸೋನಿಯನ್ ಸಂಸ್ಥೆಯ ಆ ಸಂಶೋಧನಾ ನೆಲೆಯಲ್ಲಿ ಸ್ಟೀಫನ್ ಹಬ್ಬೆಲ್ ಮತ್ತು ರಾಬಿನ್ ಫಾಸ್ಟರ್ ಎಂಬ ಪರಿಸರ ವಿಜ್ಞಾನಿಗಳು 1980ರ ಸುಮಾರಿಗೆ 50 ಹೆಕ್ಟೇರ್ ಜಾಗ ಗುರುತು ಹಾಕಿದರು. ನಿಮ್ಮ ಲೆಕ್ಕದಲ್ಲಿ 123 ಎಕರೆಗೆ ಸ್ವಲ್ಪ ಜಾಸ್ತಿ. ಎದೆಮಟ್ಟದಲ್ಲಿ, ಅಂದರೆ 1.3 ಮೀಟರ್ ಎತ್ತರದಲ್ಲಿ, ಒಂದು ಸೆಂಟಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ದಪ್ಪ ಇರುವ ಪ್ರತಿ ಕಾಂಡಕ್ಕೂ ನಂಬರ್ ಬಿಲ್ಲೆ, ಹೆಸರು, ಅಳತೆ, ನಕ್ಷೆಯಲ್ಲಿ ಜಾಗ. ಎರಡು ಲಕ್ಷಕ್ಕೂ ಹೆಚ್ಚು ಕಾಂಡಗಳು, ಸುಮಾರು 300 ಜಾತಿ! ಬುಡದಲ್ಲಿ ರೆಕ್ಕೆಯ ಹಾಗೆ ಬೇರು ಚಾಚಿದ ದೊಡ್ಡ ಮರವಾದರೆ ಏಣಿ ಹಾಕಿ, ರೆಕ್ಕೆ ಮುಗಿದ ಮೇಲೆ ಟೇಪು ಸುತ್ತುತ್ತಾರೆ. 1985ರಲ್ಲಿ ಮತ್ತೆ ಎಣಿಸಿದರು. ಆಮೇಲೆ ಐದೈದು ವರ್ಷಕ್ಕೊಮ್ಮೆ.

ಮೊದಲ ಗಣತಿ ನಡೆಯುತ್ತಿರುವಾಗಲೇ 1982–83ರ ಎಲ್ ನಿನೊ (ಪೆಸಿಫಿಕ್ ಸಾಗರದ ನೀರು ಬಿಸಿಯೇರಿ ಮಳೆಯ ಲೆಕ್ಕ ತಪ್ಪಿಸುವ ವಿದ್ಯಮಾನ) ಬಂತು. ಬೇಸಿಗೆ ಉದ್ದವಾಯಿತು, ಕಾಡು ಒಣಗಿತು. 1985ರ ಗಣತಿಯಲ್ಲಿ ನೋಡಿದರೆ ಮರಗಳ ಸಾವು ಜಾಸ್ತಿಯಾಗಿತ್ತು, ಅದರಲ್ಲೂ ದೊಡ್ಡ ಮರಗಳದ್ದು. ಇಷ್ಟನ್ನು ಒಂದು ಸಲ ಹೋಗಿ ಬಂದವರೂ ಊಹಿಸಬಹುದಿತ್ತು ಅನ್ನಿ. ಮುಂದಿನದ್ದು ಕೇಳಿ. ಬರ ಮುಗಿದ ಮೇಲೆ ಒಟ್ಟು ಸಾವಿನ ಲೆಕ್ಕ ಇಳಿಯಿತು. ಕಾಡು ಚೇತರಿಸಿಕೊಂಡಿತು ಎಂದು ಫೈಲು ಮುಚ್ಚಬಹುದಿತ್ತು. ಆದರೆ ತೇವ ಬೇಡುವ ಕೆಲವು ಜಾತಿಗಳು ಆಮೇಲೂ ಇಳಿಯುತ್ತಲೇ ಹೋದವು. ಪೌಲ್ಸೇನಿಯಾ ಎಂಬ, ಆಲ ಹಲಸುಗಳ ಕುಟುಂಬದ ಮರ ಅವುಗಳಲ್ಲಿ ಒಂದು. ಒಟ್ಟು ಮರಗಳನ್ನಷ್ಟೇ ಎಣಿಸಿ ಜಾತಿ ಬರೆಯದೇ ಇದ್ದಿದ್ದರೆ ಇದು ಯಾರಿಗೆ ಗೊತ್ತಾಗುತ್ತಿತ್ತು?

"ಮರ ಕಡಿದು ಉಂಗುರ ಎಣಿಸಿದರೆ ಎಲ್ಲ ತಿಳಿಯುತ್ತದೆ" ಎಂದೂ ನೀವು ಬರೆದಿದ್ದೀರಿ (ಆ ಸಾಲನ್ನು ನಾವು ಹಾಕಿಲ್ಲ). ಚಳಿ ದೇಶದ ಮರಗಳಿಗೆ ಆ ಮಾತು ಸರಿ. ವರ್ಷವಿಡೀ ಬೆಚ್ಚಗೆ, ಒದ್ದೆಯಾಗಿರುವ ಕಾಡಿನಲ್ಲಿ ಬಹಳಷ್ಟು ಮರಗಳು ವರ್ಷಕ್ಕೊಂದರಂತೆ ಸ್ಪಷ್ಟ ಉಂಗುರ ಕಟ್ಟುವುದೇ ಇಲ್ಲ. ವಯಸ್ಸು ಹೇಳುವ ಗುರುತೇ ಇಲ್ಲದ ಮರ ಬೆಳೆಯುತ್ತಿದೆಯೋ ನಿಂತಿದೆಯೋ ತಿಳಿಯಬೇಕಾದರೆ ಅಳೆಯಬೇಕು, ಕಾಯಬೇಕು, ಮತ್ತೆ ಅಳೆಯಬೇಕು. ಇಂಥ ಕಾಡಿನಲ್ಲಿ ವರ್ಷಕ್ಕೆ ನೂರರಲ್ಲಿ ಒಂದೋ ಎರಡೋ ಮರ ಸಾಯುತ್ತದೆ. ಎರಡು ವರ್ಷ ನೋಡಿ ಎದ್ದು ಬಂದವರಿಗೆ ಕಾಣುವುದು ಏನೂ ಇಲ್ಲ. ಇಪ್ಪತ್ತು ವರ್ಷ ನೋಡಿದವರಿಗೆ ಕಾಣುತ್ತದೆ.

ಇನ್ನೊಂದು ಕಥೆ ಹೇಳದೆ ಮುಂದೆ ಹೋಗಲಾರೆ. ಒಂದೇ ಕಾಡಿನಲ್ಲಿ ಇಷ್ಟೊಂದು ಜಾತಿ ಹೇಗೆ ಒಟ್ಟಿಗೆ ಬದುಕುತ್ತವೆ? ಗಟ್ಟಿಯದ್ದು ಗೆದ್ದು ಉಳಿದದ್ದು ಅಳಿಯಬೇಕಿತ್ತಲ್ಲ? 1970ರಲ್ಲಿ ಡೇನಿಯಲ್ ಜಾನ್ಜೆನ್, 1971ರಲ್ಲಿ ಜೋಸೆಫ್ ಕಾನೆಲ್ ಬೇರೆ ಬೇರೆಯಾಗಿ ಒಂದೇ ಉತ್ತರ ಕೊಟ್ಟರು. ತಾಯಿಮರದ ಕೆಳಗೆ ಆ ಮರವನ್ನೇ ತಿನ್ನುವ ಹುಳ, ಬೂಷ್ಟು ತುಂಬಿರುತ್ತವೆ. ಅಲ್ಲೇ ಬಿದ್ದ ಬೀಜಕ್ಕೆ ಉಳಿಗಾಲವಿಲ್ಲ, ದೂರ ಹೋದದ್ದು ಬದುಕುತ್ತದೆ. ತಾಯಿಯ ಬುಡದಲ್ಲಿ ಬೇರೆ ಜಾತಿಗೆ ಜಾಗ ಸಿಗುತ್ತದೆ. ಚಂದದ ಮಾತು. ಸಾಬೀತು ಮಾಡುವುದು ಹೇಗೆ? ಬಾರೊ ಕೊಲರಾಡೊದ ಅದೇ 50 ಹೆಕ್ಟೇರಿನಲ್ಲಿ 200 ಬೀಜದ ಬಲೆ ಕಟ್ಟಿದರು. ಬಲೆಗೆ ಎಷ್ಟು ಬೀಜ ಬಿತ್ತು, ಪಕ್ಕದಲ್ಲಿ ಎಷ್ಟು ಸಸಿ ಎದ್ದಿತು ಎಂದು ವರ್ಷಗಟ್ಟಲೆ ಎಣಿಸಿದರು. 2000ದಲ್ಲಿ ಫಲಿತಾಂಶ ಬಂತು. ನೋಡಿದ 53 ಜಾತಿಗಳಲ್ಲೂ ಅದೇ ಕಥೆ. ಒಂದೇ ಜಾತಿಯ ಬೀಜ ಒತ್ತೊತ್ತಾಗಿ ಬಿದ್ದಲ್ಲಿ ಸಸಿಯಾಗುವ ಪಾಲು ಕಡಿಮೆ. ಒಂದೇ ಜಾತಿಯನ್ನು ಸಾಲಾಗಿ ನೆಟ್ಟು "ಕಾಡು ಬೆಳೆಸಿದೆವು" ಎನ್ನುವವರು ಇದನ್ನು ಎರಡು ಸಲ ಓದಬೇಕು.

ಪನಾಮಾ ದೂರವಾಯಿತು ಅನ್ನುತ್ತೀರಾ? ಹೀಗೆ ಗುರುತು ಹಾಕಿ ಮರ ಎಣಿಸುವ ಜಾಗಗಳು, ಅಂದರೆ ಪ್ಲಾಟುಗಳು, ಈಗ ಜಗತ್ತಿನಲ್ಲಿ 70ಕ್ಕೂ ಹೆಚ್ಚಿವೆ. ಮಲೇಷ್ಯಾದ ಪಾಸೊದಲ್ಲಿ 50 ಹೆಕ್ಟೇರಿಗೆ 800ಕ್ಕೂ ಹೆಚ್ಚು ಜಾತಿ ಸಿಕ್ಕಿತು, ಈಕ್ವೆಡಾರ್‌ನ ಯಾಸುನಿಯಲ್ಲಿ ಸಾವಿರ ದಾಟಿತು. ಒಂದು ಪ್ಲಾಟು ನಮ್ಮ ಬಂಡೀಪುರಕ್ಕೆ ಅಂಟಿಕೊಂಡ ಮುದುಮಲೈನಲ್ಲಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು 1988ರಲ್ಲಿ ಶುರು ಮಾಡಿದ್ದು. ಅಲ್ಲಿನದು ಒಣ ಕಾಡು. ನಂದಿ, ಮತ್ತಿ, ದಿಂಡಿಗ, ತೇಗ. ಜಾತಿ ಸುಮಾರು 70, ಕಾಂಡಗಳು 25 ಸಾವಿರದ ಆಸುಪಾಸು. ಪನಾಮಾದ ಮುಂದೆ ಬಡ ಕಾಡು ಅನಿಸುತ್ತದೆ. ಆದರೆ ಪನಾಮಾದಲ್ಲಿ ಆನೆ ಇಲ್ಲ! ಬೆಂಕಿಯೂ ಇಲ್ಲಿನ ಹಾಗೆ ಬರುವುದಿಲ್ಲ.

ಆ ಪ್ಲಾಟಿನಲ್ಲಿ ಮೊದಲು ಬೆಂಡೆ ಮರ ತುಂಬಾ ಇತ್ತು. ನಮ್ಮ ತರಕಾರಿ ಬೆಂಡೆಯ ಕುಟುಂಬದ್ದೇ ಕಾಡುಮರ. ಅದರ ತೊಗಟೆ ಎಂದರೆ ಆನೆಗೆ ಪ್ರಾಣ. ಸಿಪ್ಪೆ ಸುಲಿದು, ಕೊಂಬೆ ಮುರಿದು, ಬುಡ ಸಮೇತ ಉರುಳಿಸಿ ತಿಂದವು. ಕೆಲವೇ ವರ್ಷಗಳಲ್ಲಿ ಅದರ ಸಂಖ್ಯೆ ಕುಸಿದುಬಿತ್ತು. ನಡುನಡುವೆ ಬೆಂಕಿ ಬಿದ್ದ ವರ್ಷಗಳಲ್ಲಿ ಎಳೆಯ ಕಾಂಡಗಳು ಹೋದವು. ಆಮೇಲೆ ಲಂಟಾನ ಎಂಬ ಹೊರಗಿನ ಕಳೆಪೊದೆ ನುಗ್ಗಿತು. ಯಾವ ಮರ ಆನೆಯಿಂದ ಸತ್ತಿತು, ಯಾವುದು ಬೆಂಕಿಯಿಂದ ಎಂದು ವರ್ಷ ವರ್ಷ ಹೋಗಿ ಬರೆದುಕೊಂಡಿದ್ದಾರೆ. ಈಗ ಬಂಡೀಪುರದ ಬೆಂಕಿ, ಲಂಟಾನದ ಬಗ್ಗೆ ಟಿವಿಯಲ್ಲಿ ಕೂತು ವಾದ ಮಾಡುವವರಿಗೆ ಆಧಾರ ಬೇಕಾದರೆ ಇಂಥ ಪುಸ್ತಕವನ್ನೇ ತೆರೆಯಬೇಕು. ತೆರೆಯುತ್ತಾರೋ ಇಲ್ಲವೋ, ಅದು ಬೇರೆ ಮಾತು.

ನಿಮಗೆ ಇನ್ನೂ ಹತ್ತಿರದ್ದು ಹೇಳುತ್ತೇನೆ. ಪುಷ್ಪಗಿರಿಯ ಆಚೆ ಮಗ್ಗುಲಲ್ಲಿ, ಕೊಡಗಿನ ಕಡಮಕಲ್ ಕಾಡಿನ ಉಪ್ಪಂಗಳದಲ್ಲಿ ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯವರು 1990ರ ಹೊತ್ತಿಗೆ ಒಂದು ಪ್ಲಾಟು ಮಾಡಿದರು. ಧೂಪದ ಮರ, ಹಾಸಿಗೆ ಮರ ತುಂಬಿದ ನಿಜವಾದ ಮಳೆಕಾಡು. ಉತ್ತರ ಕನ್ನಡದಲ್ಲಿ ವಿಜ್ಞಾನ ಸಂಸ್ಥೆಯವರು ಅದಕ್ಕೂ ಮೊದಲೇ, 1984ರಲ್ಲಿ, ಒಂದೊಂದು ಹೆಕ್ಟೇರಿನ ಎಂಟು ಪ್ಲಾಟು ಗುರುತಿಸಿದ್ದರು. ನಮ್ಮ ಎಷ್ಟು ಮಂದಿ ಪದವೀಧರರಿಗೆ ಈ ಹೆಸರುಗಳು ಗೊತ್ತು? ಐಪಿಎಲ್ ಹರಾಜಿನ ದರಗಳು ಬಾಯಿಪಾಠ ಇರುತ್ತವೆ.

ಈಗ ನಿಮ್ಮ ತಂದೆಯವರ ಮಳೆ ಪುಸ್ತಕಕ್ಕೆ ಬರುತ್ತೇನೆ. ಅಲ್ಲ ಸ್ವಾಮಿ, ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಮಾರ್ಚ್‌ನಲ್ಲಿ ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಬರದೇ ಹೋದಾಗ ಸ್ಪ್ರಿಂಕ್ಲರ್ ಹಾಕಬೇಕೋ, ಇನ್ನೊಂದು ವಾರ ಕಾಯಬೇಕೋ ಎಂದು ನೀವು ಯಾವುದನ್ನು ನೋಡುತ್ತೀರಿ? ಇಂಚು, ಸೆಂಟಿನಲ್ಲಿ (ಸೆಂಟು ಎಂದರೆ ಇಂಚಿನ ನೂರನೇ ಒಂದು ಭಾಗ) ಬರೆದ ಆ ಹಳೇ ಪುಸ್ತಕವನ್ನೇ ಅಲ್ವಾ? ಮಲೆನಾಡಿನ, ಕೊಡಗಿನ ತೋಟದ ಮನೆಗಳಲ್ಲಿ ಹೀಗೆ ಬರೆದಿಟ್ಟ ಲೆಕ್ಕ ಎಷ್ಟು ಬೆಲೆಯದ್ದು ಎಂದು ಮಳೆ ಅಧ್ಯಯನ ಮಾಡುವವರನ್ನು ಕೇಳಿ. ನಿಮ್ಮ ತಂದೆ ಮಾಡಿದ್ದನ್ನೇ ಹಬ್ಬೆಲ್ ಮಾಡಿದರು. ನಿಮ್ಮ ತಂದೆಗೆ ಅನುದಾನ ಇರಲಿಲ್ಲ, ಅಷ್ಟೇ ವ್ಯತ್ಯಾಸ. ಅಂಥವರ ಮಗ ನನಗೆ ಇಂಥ ಪತ್ರ ಬರೆಯುವುದೇ?

ಅನುದಾನ ಎಂದೆ. ನನ್ನ ಸಿಟ್ಟಿನ ಬೇರು ಅಲ್ಲಿದೆ. ಹವಾಯಿಯ ಮೌನಾ ಲೋವಾದಲ್ಲಿ ಚಾರ್ಲ್ಸ್ ಕೀಲಿಂಗ್ 1958ರಿಂದ ಗಾಳಿಯ ಇಂಗಾಲದ ಡೈ ಆಕ್ಸೈಡ್ ಅಳೆದರು. ಭೂಮಿ ಬಿಸಿಯಾಗುತ್ತಿರುವ ಮಾತಿಗೆ ಆ ಅಳತೆಗಳ ಗೆರೆ ಒಂದು ದೊಡ್ಡ ಆಧಾರ. ಆ ಗೆರೆಯಲ್ಲಿ 1964ರಲ್ಲಿ ಕೆಲವು ತಿಂಗಳ ಜಾಗ ಖಾಲಿ ಇದೆ. ಕಾರಣ, ದುಡ್ಡು ಕತ್ತರಿಸಿದರು. ಅಮೆರಿಕದ ಕಥೆಯೇ ಹೀಗಾದರೆ ನಮ್ಮದು ಕೇಳಬೇಕೇ? ಇಲ್ಲಿ ಎಲ್ಲ ಯೋಜನೆಯೂ ಮೂರು ವರ್ಷ. ಮರಕ್ಕೆ ಮೂರು ವರ್ಷ ಎಂದರೆ ಏನು! ಒಬ್ಬ ಯುವ ಸಂಶೋಧಕಿ ನಮ್ಮ ಕಚೇರಿಗೆ ಬಂದು ಹೇಳಿದ್ದು. ಮಲೆನಾಡಿನ ಒಂದು ಕಾಡಿನಲ್ಲಿ ಪಿಎಚ್.ಡಿ.ಗಾಗಿ ಸಾವಿರಾರು ಮರಕ್ಕೆ ಬಿಲ್ಲೆ ಹೊಡೆದಿದ್ದರಂತೆ. ಐದು ವರ್ಷದ ಮೇಲೆ ಮತ್ತೆ ಅಳೆಯುತ್ತೇನೆ, ಜೀಪಿನ ಖರ್ಚು, ಇಬ್ಬರ ಕೂಲಿ ಕೊಡಿ ಎಂದು ಅರ್ಜಿ ಹಾಕಿದರೆ ಬಂದ ಉತ್ತರ: "ಇದರಲ್ಲಿ ಹೊಸತೇನಿದೆ?"

ಹೊಸತೇನೂ ಇಲ್ಲ ಎಂಬುದೇ ಅದರ ಗುಣ ಎಂದು ಯಾರಿಗೆ ಹೇಳುವುದು? ಅಮೆಜಾನ್‌ನ 300ಕ್ಕೂ ಹೆಚ್ಚು ಪ್ಲಾಟುಗಳಲ್ಲಿ ಬೇರೆ ಬೇರೆ ದೇಶದವರು ಹೀಗೆ "ಹೊಸತಲ್ಲದ" ಕೆಲಸ ಮಾಡುತ್ತಾ ಬಂದರು. 2015ರಲ್ಲಿ ಎಲ್ಲ ಒಟ್ಟು ಸೇರಿಸಿ ನೋಡಿದಾಗ ಒಂದು ಸಂಗತಿ ಹೊರಬಿತ್ತು. ಆ ಕಾಡು ಮೈಗೂಡಿಸಿಕೊಳ್ಳುವ ಇಂಗಾಲ 1990ರ ದಶಕದಲ್ಲಿದ್ದುದಕ್ಕಿಂತ ಸುಮಾರು ಮೂರನೇ ಒಂದು ಭಾಗ ಇಳಿದಿತ್ತು. ಮರಗಳು ಮೊದಲಿಗಿಂತ ಬೇಗ ಸಾಯುತ್ತಿದ್ದವು. ಯಾರೂ ಕೊಡಲಿ ಹಾಕದ ಕಾಡು ಅದು.

ಇಲ್ಲಿ ನಮಗೆ ಹಸಿರು ಕಂಡರೆ ಸಾಕು. ದೇಶದ ಅರಣ್ಯ ವರದಿಯಲ್ಲಿ ಒಂದು ಹೆಕ್ಟೇರಿಗಿಂತ ದೊಡ್ಡ ಜಾಗದಲ್ಲಿ ನೂರಕ್ಕೆ ಹತ್ತು ಭಾಗ ಮರದ ಮುಚ್ಚಿಗೆ ಇದ್ದರೆ ಅದು "ಅರಣ್ಯ ಹೊದಿಕೆ". ಯಾರ ಜಾಗ, ಯಾವ ಮರ ಎಂದು ಕೇಳುವುದಿಲ್ಲ. ಅಕೇಶಿಯಾ ನೆಡುತೋಪೂ ಅದರಲ್ಲಿ ಬರುತ್ತದೆ, ನಿಮ್ಮ ತೋಟದ ಸಿಲ್ವರ್ ಓಕ್ ಕೂಡ ಬರುತ್ತದೆ. ಅಂಕಿ ಏರುತ್ತದೆ, ಮಂತ್ರಿಗಳು ಖುಷಿಯಾಗುತ್ತಾರೆ. ನೂರು ಜಾತಿ ಇದ್ದಲ್ಲಿ ಒಂದು ಜಾತಿ ಬಂದರೂ ಆ ಅಂಕಿಗೆ ಗೊತ್ತಾಗುವುದಿಲ್ಲ. ಗೊತ್ತಾಗಬೇಕಾದರೆ ತೊಗಟೆ ಕೆರೆದು, ಎಲೆ ಹೊಸಕಿ ಮೂಸಿ, ಹೂವಿಲ್ಲದ ಕಾಲದಲ್ಲೂ ಮರದ ಹೆಸರು ಹೇಳುವವರು ಬೇಕು. ಅಂಥವರು ಕಾಡಿನ ಅಂಚಿನ ಹಾಡಿಗಳಲ್ಲಿದ್ದಾರೆ, ಹಳೇ ವಾಚರುಗಳಲ್ಲಿದ್ದಾರೆ. ಕಾಲೇಜುಗಳಲ್ಲಿ ಕಡಿಮೆಯಾಗುತ್ತಿದ್ದಾರೆ. ಸಂಶೋಧನಾ ಲೇಖನದ ಕೊನೆಯಲ್ಲಿ ಅವರಿಗೆ ಒಂದು ಸಾಲಿನ ಕೃತಜ್ಞತೆ, ತಪ್ಪು ಸ್ಪೆಲಿಂಗಿನಲ್ಲಿ.

ಇನ್ನು ಗಿಡ ನೆಡುವುದು. ಬೇಡ ಎನ್ನುವುದಿಲ್ಲ, ನೆಡಿ. 1950ರಲ್ಲಿ ಕೆ.ಎಂ. ಮುನ್ಷಿ ವನಮಹೋತ್ಸವ ಶುರು ಮಾಡಿದಂದಿನಿಂದ ನೆಡುತ್ತಲೇ ಇದ್ದೇವೆ. ಎಷ್ಟು ನೆಟ್ಟೆವು ಎಂಬ ಲೆಕ್ಕ ಪ್ರತಿ ಜುಲೈನಲ್ಲಿ ಸಿಗುತ್ತದೆ. ಎಷ್ಟು ಉಳಿಯಿತು ಎಂದು ಕೇಳಿದರೆ ಆರಂಭಶೂರರೆಲ್ಲ ಆಕಾಶ ನೋಡುತ್ತಾರೆ. ಉಳಿದದ್ದನ್ನು ಎಣಿಸಲು ಅದೇ ಗುಂಡಿಯ ಹತ್ತಿರ ಮತ್ತೆ ಹೋಗಬೇಕಲ್ಲ!

ನಿಮ್ಮ ಸಂಘದವರು ಈ ಮಳೆಗಾಲದಲ್ಲಿ ಸಸಿ ನೆಡುವ ಫೋಟೊ ಕಳಿಸುತ್ತಾರೆ, ಮುಖಪುಟಕ್ಕೆ ಹಾಕಿ ಎಂದು ಪತ್ರದ ಅಂಚಿನಲ್ಲಿ ಬರೆದಿದ್ದೀರಿ. ಆಗಲಿ. ಐದು ವರ್ಷದ ಹಿಂದೆ ನೆಟ್ಟ ಗಿಡಗಳು ಈಗ ಹೇಗಿವೆ ಎಂಬ ಫೋಟೊವನ್ನೂ ಜೊತೆಗೆ ಕಳಿಸಿ. ಪಕ್ಕದಲ್ಲಿ ಯಾರೂ ನಿಲ್ಲಬೇಕಿಲ್ಲ, ಬ್ಯಾನರ್ ಬೇಡ. ಯಾವ ಜಾತಿ, ಎಷ್ಟು ಸುತ್ತಳತೆ ಎಂದು ಹಿಂದೆ ಬರೆದಿರಲಿ. ಮುಖಪುಟಕ್ಕೆ ಹಾಕುವುದು ಅದನ್ನು. ಸಸಿ ನೆಡುವುದು ಒಳಗಿನ ಪುಟಕ್ಕೆ.